ಕ್ಲೀನಿಂಗ್ ದ ಗ್ಲಾಸ್: ಹಲವು ಸೀಸನ್ ಬಳಸಿದ ಮೇಲಿನ ವಿಮರ್ಶೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅಂಕಿಅಂಶಕ್ಕೆ ದುಡ್ಡು ಕೊಡಬೇಕಾ ಎಂದು ಯಾರಾದರೂ ಕೇಳುವುದು ಸಹಜ. ಲೀಗಿನ ಅಧಿಕೃತ ತಾಣ, ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್, ಪಿಬಿಪಿ ಸ್ಟ್ಯಾಟ್ಸ್ ಇವೆಲ್ಲ ಪುಕ್ಕಟೆಯಾಗಿ ಸಿಗುತ್ತವೆ. ಆದರೂ ಕ್ಲೀನಿಂಗ್ ದ ಗ್ಲಾಸ್ ಎಂಬ ಅಂಕಿಅಂಶ ತಾಣಕ್ಕೆ ಚಂದಾ ಕಟ್ಟುತ್ತಾ ಬರಲು ದೊಡ್ಡ ಕಾರಣವೆಂದರೆ, ಲೆಕ್ಕಕ್ಕೆ ಬರಬಾರದ ಆಟವನ್ನು ಅದು ಲೆಕ್ಕದಿಂದ ತೆಗೆದುಹಾಕುತ್ತದೆ. ಇದನ್ನು ಕಟ್ಟಿದ ಬೆನ್ ಫಾಲ್ಕ್ ಮೊದಲು ಪೋರ್ಟ್‌ಲ್ಯಾಂಡ್ ಮತ್ತು ಫಿಲಡೆಲ್ಫಿಯಾ ತಂಡಗಳಲ್ಲಿ ಅಂಕಿಅಂಶ ವಿಶ್ಲೇಷಣೆಯ ಕೆಲಸ ಮಾಡಿದವರು. ತಂಡದ ಒಳಗೆ ಕೂತವರಿಗೆ ಏನು ಬೇಕು ಎಂಬುದು ಪ್ರತಿ ಪುಟದಲ್ಲೂ ಕಾಣುತ್ತದೆ.

ಗಾರ್ಬೇಜ್ ಟೈಮ್, ಅಂದರೆ ಫಲಿತಾಂಶ ತೀರ್ಮಾನವಾದ ಮೇಲೂ ನಡೆಯುವ ಆಟ, ಯಾವುದು ಎಂಬುದಕ್ಕೆ ಇಲ್ಲಿ ಖಚಿತವಾದ ನಿಯಮವಿದೆ. ನಾಲ್ಕನೇ ಕ್ವಾರ್ಟರ್ ಆಗಿರಬೇಕು. 12ರಿಂದ 9 ನಿಮಿಷ ಉಳಿದಿರುವಾಗ ಸ್ಕೋರ್ ಅಂತರ ಕನಿಷ್ಠ 25, 9ರಿಂದ 6 ನಿಮಿಷದಲ್ಲಿ 20, ಆಮೇಲೆ 10 ಪಾಯಿಂಟ್ ಇರಬೇಕು. ಜೊತೆಗೆ ಎರಡೂ ತಂಡ ಸೇರಿ ಅಂಕಣದಲ್ಲಿ ಇಬ್ಬರಿಗಿಂತ ಹೆಚ್ಚು ಸ್ಟಾರ್ಟರ್‌ಗಳು (ಪಂದ್ಯದ ಶುರುವಿಗೆ ಇಳಿದವರು) ಇರಬಾರದು. ಆಟ ಮತ್ತೆ ಬಿಗಿಯಾಗಿ ಸ್ಟಾರ್ಟರ್‌ಗಳು ವಾಪಸ್ ಬಂದರೆ ಆ ನಿಮಿಷಗಳು ಲೆಕ್ಕಕ್ಕೆ ಸೇರುತ್ತವೆ. ಕ್ವಾರ್ಟರ್ ಮುಗಿಯುವ ಹೊತ್ತಿಗೆ ಅಂಕಣದ ದೂರದ ತುದಿಯಿಂದ ಸುಮ್ಮನೆ ಎಸೆಯುವ ಶಾಟ್‌ಗಳನ್ನೂ ಬಿಡುತ್ತಾರೆ. ಬೆಂಚಿನ ಆಟಗಾರರನ್ನು ಅಳೆಯುವಾಗ ಇದರ ಬೆಲೆ ಗೊತ್ತಾಗುತ್ತದೆ, ಏಕೆಂದರೆ ಅವರ ನಿಮಿಷಗಳಲ್ಲಿ ದೊಡ್ಡ ಪಾಲು ಇಂಥ ಹೊತ್ತಿನದೇ ಆಗಿರುತ್ತದೆ.

ಆಟಗಾರನ ಪುಟದಲ್ಲಿ ಪ್ರತಿ ಸಂಖ್ಯೆಯ ಪಕ್ಕ ಪರ್ಸೆಂಟೈಲ್, ಅಂದರೆ ನೂರರಲ್ಲಿ ಎಷ್ಟು ಜನರಿಗಿಂತ ಮೇಲು ಎಂಬುದು, ಇರುತ್ತದೆ: ಕಿತ್ತಳೆ ಬಣ್ಣವಾದರೆ ಒಳ್ಳೆಯದು, ನೀಲಿಯಾದರೆ ಕೆಟ್ಟದ್ದು. ಹೋಲಿಕೆ ಇಡೀ ಲೀಗಿನೊಂದಿಗೆ ಅಲ್ಲ, ಅದೇ ಸ್ಥಾನದವರೊಂದಿಗೆ. ಪಾಯಿಂಟ್, ಕಾಂಬೊ, ವಿಂಗ್, ಫಾರ್ವರ್ಡ್, ಬಿಗ್ (ಬುಟ್ಟಿಯ ಬಳಿ ಆಡುವ ಎತ್ತರದವರು) ಎಂದು ಐದು ಗುಂಪು. ಮೊದಲು ನೋಡಬೇಕಾದ್ದು ಯೂಸೇಜ್ ಮತ್ತು ಪಿಎಸ್‌ಎ. ತಂಡದ ದಾಳಿಗಳಲ್ಲಿ ಎಷ್ಟು ಪಾಲು ಅವನ ಕೈಯಲ್ಲೇ ಮುಗಿಯುತ್ತದೆ ಎಂಬುದು ಯೂಸೇಜ್. ಫೌಲ್ ಗಿಟ್ಟಿಸಿದ್ದನ್ನೂ ಸೇರಿಸಿ 100 ಶಾಟ್ ಯತ್ನಕ್ಕೆ ಎಷ್ಟು ಪಾಯಿಂಟ್ ಬಂತು ಎಂಬುದೇ ಪಿಎಸ್‌ಎ. ಇವೆರಡನ್ನೂ ಒಟ್ಟಿಗೇ ಓದಬೇಕು. ರೂಡಿ ಗೊಬೇರ್ ಥರದ ಬಿಗ್ ಬುಟ್ಟಿಯ ಕೆಳಗೆ ಬೇರೆಯವರು ಕೊಟ್ಟ ಚೆಂಡನ್ನು ಒಳಗೆ ಹಾಕುವವನು. ಅವನ ದಕ್ಷತೆ ಎತ್ತರದಲ್ಲಿರುತ್ತದೆ, ಯೂಸೇಜ್ ತಳದಲ್ಲಿ. ಅದೇ ನಿಕೊಲಾ ಜೋಕಿಚ್ ಎರಡರಲ್ಲೂ ಮೇಲಿರುತ್ತಾನೆ. ಮೊದಲನೆಯವನಿಗೆ ಇಮ್ಮಡಿ ಶಾಟ್ ಕೊಟ್ಟರೆ ಅದೇ ದಕ್ಷತೆ ಉಳಿಯುವುದಿಲ್ಲ. ಶಾಟ್ ಹಂಚಿಕೆಯೂ ಚೊಕ್ಕವಾಗಿದೆ: ರಿಮ್ ಅಂದರೆ 4 ಅಡಿಯ ಒಳಗೆ, ಶಾರ್ಟ್ ಮಿಡ್ 4ರಿಂದ 14 ಅಡಿ, ಅದರಾಚೆ ತ್ರೀ ಪಾಯಿಂಟ್ ಗೆರೆಯವರೆಗೆ ಲಾಂಗ್ ಮಿಡ್, ಆಮೇಲೆ ಮೂಲೆಯಿಂದ ಹೊಡೆಯುವ ಕಾರ್ನರ್ ತ್ರೀ ಮತ್ತು ಉಳಿದ ತ್ರೀ. ಸೀಸನ್ ಶುರುವಿನಲ್ಲಿ ಎಷ್ಟು ಶಾಟ್ ಒಳಗೆ ಬಿತ್ತು ಎಂಬುದನ್ನು ಬದಿಗಿಟ್ಟು, ಶಾಟ್ ಎಲ್ಲಿಂದ ಬರುತ್ತಿದೆ ಎಂಬುದನ್ನೇ ನಂಬಿ. ಶಾಟ್ ಎಲ್ಲಿಂದ ಹೊಡೆಯುತ್ತಾನೆ ಎಂಬುದು ಬೇಗ ನೆಲೆಗೊಳ್ಳುತ್ತದೆ. ತ್ರೀ ಪಾಯಿಂಟರ್ ಶೇಕಡಾವಾರು ನೂರಾರು ಯತ್ನ ಆಗುವವರೆಗೂ ಓಲಾಡುತ್ತಿರುತ್ತದೆ.

ಇನ್ನು ಲೈನ್‌ಅಪ್, ಅಂದರೆ ಒಟ್ಟಿಗೆ ಅಂಕಣದಲ್ಲಿರುವ ಐವರ ಗುಂಪಿನ ಪುಟ. ಬಹಳ ಜನ ಎಡವುವುದು ಇಲ್ಲೇ. ಐದು ಜನರ ಪ್ರತಿ ಗುಂಪಿಗೂ ಪೊಸೆಷನ್ (ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿ) ಎಷ್ಟು, 100 ಪೊಸೆಷನ್‌ಗೆ ಗಳಿಸಿದ್ದಕ್ಕೂ ಬಿಟ್ಟುಕೊಟ್ಟಿದ್ದಕ್ಕೂ ಎಷ್ಟು ಪಾಯಿಂಟ್ ಅಂತರ, ಎರಡೂ ಕಡೆಯ ನಾಲ್ಕು ಅಂಶಗಳು ಎಂದು ಸಾಲಾಗಿ ಬರುತ್ತದೆ. ಬ್ಯಾಸ್ಕೆಟ್‌ಬಾಲ್ ವಿಶ್ಲೇಷಕ ಡೀನ್ ಆಲಿವರ್ ಹೇಳಿದ ಆ ನಾಲ್ಕು: ಶೂಟಿಂಗ್, ಟರ್ನ್‌ಓವರ್ (ಶಾಟ್ ಹೊಡೆಯದೇ ಚೆಂಡು ಕಳೆದುಕೊಳ್ಳುವುದು), ರೀಬೌಂಡ್, ಫ್ರೀ ಥ್ರೋ. ಅವರು ಕೊಟ್ಟ ತೂಕ ಕ್ರಮವಾಗಿ ಸುಮಾರು 40, 25, 20, 15. ಅಂತರದ ಕಾಲಮ್ ಒತ್ತಿ ಮೇಲಿಂದ ಕೆಳಗೆ ಜೋಡಿಸಿದರೆ ಮೊದಲು ಬರುವುದು ಬಹುಪಾಲು ಕಡಿಮೆ ಆಡಿದ ಗುಂಪುಗಳೇ. ಯಾಕೆಂದು ಲೆಕ್ಕ ಹಾಕಿ ನೋಡಿ. ಒಂದು ಪೊಸೆಷನ್‌ಗೆ ಸರಾಸರಿ 1.1 ಪಾಯಿಂಟ್ ಬಂದರೆ ಅದರ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಹತ್ತಿರ ಹತ್ತಿರ 1.16. ಒಂದು ಗುಂಪು 100 ನಿಮಿಷ ಒಟ್ಟಿಗೆ ಆಡಿದೆ, ಅಂದರೆ ಎರಡೂ ಕಡೆ ತಲಾ ಸುಮಾರು 205 ಪೊಸೆಷನ್ ಎಂದಿಟ್ಟುಕೊಳ್ಳಿ. ಬರೀ ಅದೃಷ್ಟದಿಂದಲೇ ಅದರ ಅಂತರ 100 ಪೊಸೆಷನ್‌ಗೆ 11ರಿಂದ 12 ಪಾಯಿಂಟ್ ಆಚೀಚೆ ಹೋಗಬಹುದು. ಲೀಗಿನ ಅಗ್ರ ತಂಡಕ್ಕೂ ಸರಾಸರಿ ತಂಡಕ್ಕೂ ಇರುವ ವ್ಯತ್ಯಾಸವೇ ಹೆಚ್ಚುಕಡಿಮೆ ಅಷ್ಟು! 400 ನಿಮಿಷ ಆಡಿದರೂ ಈ ಅನಿಶ್ಚಿತತೆ ಅರ್ಧಕ್ಕೆ, ಸುಮಾರು 6ಕ್ಕೆ, ಇಳಿಯುತ್ತದೆಯೇ ಹೊರತು ಮಾಯವಾಗುವುದಿಲ್ಲ.

ಹಾಗಾದರೆ ಆ ಸಾಲನ್ನು ಓದುವುದು ಹೇಗೆ? ಒಂದು ಗುಂಪು 205 ಪೊಸೆಷನ್ ಆಡಿ, 100 ಪೊಸೆಷನ್‌ಗೆ +15 ಇದೆ ಎನ್ನೋಣ. ಅಧಿಕೃತ ತಾಣದ ಲೈನ್‌ಅಪ್ ಪುಟಕ್ಕೆ ಹೋಗಿ ಆಪೊನೆಂಟ್ (ಎದುರಾಳಿ) ಟ್ಯಾಬ್ ತೆರೆಯಿರಿ. ಎದುರಾಳಿ ತ್ರೀಗಳನ್ನು 75 ಯತ್ನದಲ್ಲಿ 29 ಶೇಕಡಾ ಹಾಕಿದ್ದಾರೆ, ಲೀಗ್ ಸರಾಸರಿ 36ರ ಆಸುಪಾಸು ಎಂದಾದರೆ, 5 ಶಾಟ್ ಕಡಿಮೆ ಬಿದ್ದವು. ಅಂದರೆ 15 ಪಾಯಿಂಟ್, 100 ಪೊಸೆಷನ್‌ಗೆ 7ಕ್ಕೂ ಹೆಚ್ಚು. ತೆರೆದ ತ್ರೀಗಳನ್ನು ಕೊಡದಿರುವುದು ಡಿಫೆನ್ಸ್‌ನ ಕೈಯಲ್ಲಿದೆ, ಎದುರಾಳಿ ಎಸೆದ ಚೆಂಡು ಬುಟ್ಟಿಗೆ ಬೀಳದಿರುವುದು ಅದರ ಕೈಯಲ್ಲಿ ಅಷ್ಟಾಗಿ ಇಲ್ಲ. ಹಾಗಾಗಿ ಆ +15ರಲ್ಲಿ ಅರ್ಧವನ್ನು ಮನಸ್ಸಿನಲ್ಲೇ ಕಳೆಯಿರಿ. ಉಳಿದದ್ದು ಟರ್ನ್‌ಓವರ್ ಮತ್ತು ರೀಬೌಂಡ್‌ನಿಂದ ಬಂದಿದ್ದರೆ ಆ ಗುಂಪಿನ ಮೇಲೆ ಇನ್ನಷ್ಟು ಭರವಸೆ ಇಡಬಹುದು. ಅಧಿಕೃತ ತಾಣ ಗಾರ್ಬೇಜ್ ಟೈಮ್ ತೆಗೆಯುವುದಿಲ್ಲವಾದ್ದರಿಂದ ಎರಡು ತಾಣಗಳ ಪೊಸೆಷನ್ ಸಂಖ್ಯೆ ಹೊಂದದಿದ್ದರೆ ಗಾಬರಿ ಬೇಡ.

ಐವರ ಗುಂಪಿನ ಪೊಸೆಷನ್ ಕಡಿಮೆ ಎನಿಸಿದರೆ ಇಬ್ಬರನ್ನೋ ಮೂವರನ್ನೋ ಮಾತ್ರ ಆರಿಸಿ, ಉಳಿದವರು ಯಾರಾದರೂ ಆಗಲಿ ಎಂದು ಬಿಡಿ. ಪೊಸೆಷನ್ ಹಲವು ಪಟ್ಟು ಹೆಚ್ಚುತ್ತದೆ, ಪ್ರಶ್ನೆಯೂ ಚುರುಕಾಗುತ್ತದೆ: ಈ ಇಬ್ಬರು ಬಿಗ್‌ಗಳು ಒಟ್ಟಿಗೆ ನಿಂತರೆ ಹಾಫ್‌ಕೋರ್ಟ್ ಅಟ್ಯಾಕ್ (ಎದುರಾಳಿ ಡಿಫೆನ್ಸ್ ಸಜ್ಜಾಗಿ ನಿಂತ ಮೇಲಿನ ದಾಳಿ) ಕುಂಟುತ್ತದೆಯೇ?

ಆಟಗಾರ ಅಂಕಣದಲ್ಲಿದ್ದಾಗ ಮತ್ತು ಇಲ್ಲದಾಗ ತಂಡ ಹೇಗಿತ್ತು ಎಂದು ತೋರಿಸುವ ಆನ್/ಆಫ್ ಪುಟಕ್ಕೂ ಇಷ್ಟೇ ಎಚ್ಚರ ಬೇಕು. ಡೆನ್ವರ್‌ನಲ್ಲಿ ಜೋಕಿಚ್ ಕೂತಾಗ ತಂಡ ಕುಸಿಯುವುದು ವರ್ಷ ವರ್ಷವೂ ಕಾಣುವ ಚಿತ್ರ. ಆದರೆ ಆ ಅಂತರದಲ್ಲಿ ಎರಡು ವಿಷಯ ಬೆರೆತಿವೆ: ಅವನು ಎಷ್ಟು ಒಳ್ಳೆಯವನು, ಅವನ ಬದಲಿ ಎಷ್ಟು ದುರ್ಬಲ. ಅವನ ಜೊತೆಗೇ ಉಳಿದ ಸ್ಟಾರ್ಟರ್‌ಗಳೂ ಹೊರಗೆ ಹೋಗುತ್ತಾರೆ ಎಂಬುದು ಇನ್ನೊಂದು ತೊಡಕು. ಇದನ್ನು ಬಿಡಿಸಲು ಆರ್‌ಎಪಿಎಂ ಬೇಕು: ಜೊತೆಗಾರರನ್ನೂ ಎದುರಾಳಿಗಳನ್ನೂ ಲೆಕ್ಕಕ್ಕೆ ಹಿಡಿದು ಪ್ರತಿ ಆಟಗಾರನ ಪಾಲನ್ನು ರಿಡ್ಜ್ ರಿಗ್ರೆಷನ್ ಎಂಬ ಅಂಕಿಅಂಶ ವಿಧಾನದಿಂದ ಅಂದಾಜಿಸುವ ಅಳತೆ. ಅದರಲ್ಲಿ ಒಂದು ಆಟಗಾರರ ಬದಲಾವಣೆಯಿಂದ ಮುಂದಿನ ಬದಲಾವಣೆಯವರೆಗಿನ ಆಟದ ಪ್ರತಿ ತುಂಡೂ ಒಂದು ಸಾಲು, ಪ್ರತಿ ಆಟಗಾರನೂ ಒಂದು ಕಾಲಮ್. ಅದು ಈ ತಾಣದಲ್ಲಿಲ್ಲ. ಆಟಗಾರನನ್ನು ಒಂದೇ ಸಂಖ್ಯೆಗೆ ಇಳಿಸುವ ಅಳತೆಯೂ ಇಲ್ಲ. ಅಂಥ ಒಂದೇ ಸಂಖ್ಯೆ ಬೇಕಾದವರು ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್‌ನ ಬಿಪಿಎಂ (ಬಾಕ್ಸ್ ಪ್ಲಸ್/ಮೈನಸ್) ನೋಡಬೇಕು. ಒಂದೇ ಸಂಖ್ಯೆ ಇಲ್ಲದಿರುವುದು ಒಳ್ಳೆಯದೇ. ಆಟಗಾರ ಏನು ಮಾಡುತ್ತಾನೆ ಎಂದು ನೋಡಲೇಬೇಕಾಗುತ್ತದೆ.

ಕರ್ನಾಟಕದ ಕ್ಲಬ್ ಕೋಚ್‌ಗಳಿಗೆ ಈ ತಾಣದ ದತ್ತಾಂಶ ನೇರವಾಗಿ ಒದಗುವುದಿಲ್ಲ, ಲೆಕ್ಕ ಹಾಕುವ ಕ್ರಮ ಒದಗುತ್ತದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಸ್ಕೋರ್‌ಶೀಟ್‌ನಲ್ಲಿ ಪಾಯಿಂಟ್, ಫೌಲ್, ಟೈಮ್‌ಔಟ್ ಸಿಗುತ್ತವೆ. ರೀಬೌಂಡ್, ಟರ್ನ್‌ಓವರ್, ಯಾರು ಯಾವಾಗ ಹೊರಗೆ ಹೋದರು ಎಂಬುದು ಸಿಗುವುದಿಲ್ಲ. ಅದಕ್ಕೆ ಬೆಂಚಿನಲ್ಲಿ ಇಬ್ಬರು ಬೇಕು. ಒಬ್ಬರು ಶಾಟ್ ಯತ್ನ, ಫ್ರೀ ಥ್ರೋ, ಅಫೆನ್ಸಿವ್ ರೀಬೌಂಡ್ (ತಮ್ಮದೇ ತಂಡ ತಪ್ಪಿದ ಶಾಟ್ ಮತ್ತೆ ಹಿಡಿದದ್ದು), ಟರ್ನ್‌ಓವರ್‌ಗಳಿಗೆ ಗೀಟು ಹಾಕಲಿ. ಇನ್ನೊಬ್ಬರು ಪ್ರತಿ ಬದಲಾವಣೆಯಲ್ಲೂ ಗಡಿಯಾರ, ಸ್ಕೋರ್, ಐವರ ಜೆರ್ಸಿ ನಂಬರ್ ಬರೆಯಲಿ. ಪೊಸೆಷನ್ ಲೆಕ್ಕ ಹೀಗೆ: ಶಾಟ್ ಯತ್ನಕ್ಕೆ ಫ್ರೀ ಥ್ರೋಗಳ 0.44 ಪಾಲು ಮತ್ತು ಟರ್ನ್‌ಓವರ್ ಕೂಡಿಸಿ, ಅಫೆನ್ಸಿವ್ ರೀಬೌಂಡ್ ಕಳೆಯಿರಿ. 0.5 ಅಲ್ಲ 0.44 ಯಾಕೆಂದರೆ, ಬುಟ್ಟಿಯ ಜೊತೆಗೆ ಸಿಕ್ಕ ಒಂಟಿ ಫ್ರೀ ಥ್ರೋ, ಟೆಕ್ನಿಕಲ್ ಫೌಲಿನ ಫ್ರೀ ಥ್ರೋ ಹೊಸ ಪೊಸೆಷನ್ ಅಲ್ಲ. ಎನ್‌ಬಿಎಯಿಂದ ಬಂದ ಗುಣಾಂಕವಾದ್ದರಿಂದ ನಾಲ್ಕೈದು ಪಂದ್ಯಗಳ ಪೊಸೆಷನ್‌ಗಳನ್ನು ವಿಡಿಯೊ ನೋಡಿ ಕೈಯಾರೆ ಎಣಿಸಿ ತಾಳೆ ಹಾಕಿಕೊಳ್ಳಿ.