ಶುಗರ್ ಇದ್ದವರ ತೂಕ ನಿಂತುಹೋದಾಗ: ಐದು ದಾರಿ, ಮಲೆನಾಡಿನ ಲೆಕ್ಕ

ಮೊದಲ ಮೂರು ತಿಂಗಳು ತೂಕ ಸರಸರನೆ ಇಳಿಯುತ್ತದೆ, ಆಮೇಲೆ ಎಷ್ಟೇ ಪಥ್ಯ ಮಾಡಿದರೂ ಮಷಿನ್ ಅದೇ ಅಂಕಿ ತೋರಿಸುತ್ತದೆ. ಟೈಪ್ 2 ಮಧುಮೇಹದವರಲ್ಲಿ ಇದು ಮಾಮೂಲು. ಆಗ ಸಲಹೆಗೇನೂ ಬರವಿಲ್ಲ: ಅನ್ನ ಪೂರ್ತಿ ಬಿಡಿ, ರಾತ್ರಿ ಉಪವಾಸ ಮಾಡಿ, ನಡಿಗೆ ಡಬಲ್ ಮಾಡಿ, ಇಂಜೆಕ್ಷನ್ ತಗೊಳ್ಳಿ. ಈ ದಾರಿಗಳನ್ನು ಬೆರೆಸದೆ, ಒಂದೊಂದನ್ನೇ ನಾಲ್ಕು ವಾರ ಹಿಡಿದು ನೋಡಿದ ಮೇಲಿನ ಹೋಲಿಕೆ ಇದು. ಮಾತ್ರೆಯ ವಿಷಯವೊಂದು ಬೇರೆ, ಅದು ವೈದ್ಯರ ಕೈಲಿರುವುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡುಗೆಮನೆಯನ್ನೂ ಮಳೆಗಾಲವನ್ನೂ ಗಮನದಲ್ಲಿಟ್ಟುಕೊಂಡು ಬರೆದದ್ದು.

ಮೊದಲು, ತೂಕ ನಿಜವಾಗಿ ನಿಂತಿದೆಯೇ ನೋಡಿ. ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ, ದಿನವೂ ಒಂದೇ ಜಾಗದಲ್ಲಿ ಮಷಿನ್ ಇಟ್ಟು ತೂಗಬೇಕು. ಹಳೆಯ ಮನೆಗಳ ಗಾರೆ ನೆಲ ಉಬ್ಬುತಗ್ಗಾಗಿರುತ್ತದೆ, ಮಷಿನ್ ನಾಲ್ಕು ಅಡಿ ಸರಿಸಿದರೆ ಅಂಕಿಯೂ ಸರಿಯುತ್ತದೆ. ಏಳು ದಿನದ ಸರಾಸರಿ ಬರೆದಿಡಿ. ನಾಲ್ಕು ವಾರದ ಸರಾಸರಿ ಕದಲದೆ, ಸೊಂಟದ ಸುತ್ತಳತೆಯೂ ಕದಲದಿದ್ದರೆ ಮಾತ್ರ ನಿಂತಿದೆ ಅನ್ನಿ. ರಾತ್ರಿ ಗಂಜಿಗೆ ಎರಡು ಅಪ್ಪೆಮಿಡಿ ಉಪ್ಪಿನಕಾಯಿ ನಂಚಿಕೊಂಡರೆ ಆ ಉಪ್ಪು ಹಿಡಿದಿಟ್ಟ ನೀರೇ ಬೆಳಿಗ್ಗೆ ಅರ್ಧ ಕಿಲೋ ತೂಗಬಹುದು. ಅದು ಕೊಬ್ಬಲ್ಲ.

ನಿಲ್ಲುವುದಕ್ಕೆ ಕಾರಣವೂ ಒಂದೇ ಅಲ್ಲ. ದೇಹ ಒಂದು ಕಿಲೋ ಹಗುರಾದರೆ ದಿನದ ಖರ್ಚು ಸುಮಾರು 20–25 ಕ್ಯಾಲೊರಿ ಕಡಿಮೆಯಾಗುತ್ತದೆ. ಎಂಟು ಕಿಲೋ ಇಳಿದವರಿಗೆ ಹೆಚ್ಚುಕಡಿಮೆ ಒಂದು ಅಕ್ಕಿ ರೊಟ್ಟಿಯಷ್ಟು ಊಟ ದಿನವೂ ಹೆಚ್ಚಾಯಿತು ಅಂತಲೇ ಲೆಕ್ಕ. ಶುಗರ್ ಇದ್ದವರಿಗೆ ಇನ್ನೊಂದು ಕಾರಣವಿದೆ, ಅದನ್ನು ಹೇಳುವವರು ಕಡಿಮೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನು ಮೂತ್ರದಲ್ಲಿ ಹೊರಗೆ ಬಿಡುತ್ತದೆ. ದಿನಕ್ಕೆ 50 ಗ್ರಾಂ ಹೋದರೆ 200 ಕ್ಯಾಲೊರಿ ಹೋಯಿತು. ಮಾತ್ರೆ ಶುರುವಾಗಿ ಸಕ್ಕರೆ 300ರಿಂದ 140ಕ್ಕೆ ಬಂದರೆ ಆ ಸೋರಿಕೆ ನಿಲ್ಲುತ್ತದೆ, ತಿಂದದ್ದೆಲ್ಲ ಒಳಗೇ ಉಳಿಯುತ್ತದೆ. ಅಂದರೆ ತೂಕ ನಿಂತಿರುವುದರಲ್ಲಿ ಒಂದು ಪಾಲು ಚಿಕಿತ್ಸೆ ಹಿಡಿದಿದೆ ಅನ್ನುವುದರ ಗುರುತು.

ದಾರಿ 1: ಅನ್ನ ಬಿಡುವುದು

ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ಮೊದಲ ವಾರದಲ್ಲೇ ಒಂದೂವರೆ ಕಿಲೋ ಇಳಿಯುವುದೂ ಉಂಟು. ಮೋಸ ಇರುವುದು ಅಲ್ಲೇ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಖಾಲಿಯಾಗುತ್ತದೆ. ಅದರ ಒಂದೊಂದು ಗ್ರಾಮಿಗೂ ಅಂಟಿಕೊಂಡಿದ್ದ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಒಂದು ಮದುವೆ ಊಟಕ್ಕೆ ಹೋಗಿ ಬಂದರೆ ಅಷ್ಟೂ ವಾಪಸ್.

ಅನ್ನ ಬಿಟ್ಟು ಮುದ್ದೆ, ಚಪಾತಿ ಹಿಡಿದವರಿಗೂ ಇದೇ ಗತಿ. ನೂರು ಗ್ರಾಂ ಅಕ್ಕಿಯಲ್ಲಿ 350ರ ಆಸುಪಾಸು ಕ್ಯಾಲೊರಿ ಇದ್ದರೆ ರಾಗಿ, ಗೋಧಿ ಹಿಟ್ಟಿನಲ್ಲೂ 320–340 ಇದೆ. ಅವಲಕ್ಕಿ ಅಂದರೂ ಅಕ್ಕಿಯೇ. ಕೆಂಪಕ್ಕಿಯಲ್ಲಿ ನಾರು ಹೆಚ್ಚು, ನಿಜ, ಆದರೆ ಎರಡು ತಟ್ಟೆ ಉಂಡರೆ ಎರಡು ತಟ್ಟೆಯೇ. ನಾಲ್ಕು ವಾರ ದಾಟಿಸುವುದೂ ಕಷ್ಟ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಅದನ್ನು ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿ ಹತ್ತರವರೆಗೆ ಕೂತವರ ಕೈ ತಾನಾಗಿಯೇ ಚಕ್ಕುಲಿ ಡಬ್ಬಿಗೆ ಹೋಗುತ್ತದೆ.

ದಾರಿ 2: ಹೊಟ್ಟೆ ತುಂಬಿಸಿ, ತಟ್ಟೆಯ ಪಾಲು ಬದಲಿಸುವುದು

ನಮ್ಮ ಲೆಕ್ಕದಲ್ಲಿ ಮೊದಲ ಸ್ಥಾನ ಇದಕ್ಕೆ. ಕಡುಬಿನ ತಿಂಡಿಯನ್ನೇ ಹತ್ತಿರದಿಂದ ನೋಡೋಣ. ಅಡುಗೆಮನೆಯಲ್ಲಿ ಒಂದು ಡಿಜಿಟಲ್ ತಕ್ಕಡಿ ಇರಲಿ. ಅಕ್ಕಿತರಿಯ ಸಾಧಾರಣ ಕಡುಬು 80 ಗ್ರಾಂ ತೂಗಿತು ಅಂದುಕೊಳ್ಳಿ. ನಾಲ್ಕು ಕಡುಬಿಗೆ ಸುಮಾರು 80 ಗ್ರಾಂ ಪಿಷ್ಟ ಆಯಿತು, ಪ್ರೋಟೀನು ಹೆಸರಿಗಷ್ಟೇ. ಅದರ ಜಾಗಕ್ಕೆ ಎರಡು ಕಡುಬು, ಎರಡು ಬೇಯಿಸಿದ ಮೊಟ್ಟೆ, ಒಣಗಿದ್ದಾಗ 30 ಗ್ರಾಂ ತೂಗುವ ಹುರುಳಿಕಾಳಿನ ಪಲ್ಯ, ಮೇಲೆ ಒಂದು ದೊಡ್ಡ ಬಟ್ಟಲು ಬೀನ್ಸ್ ಅಥವಾ ಬಸಳೆ. ಪಿಷ್ಟ 60ರ ಒಳಗೆ ಬರುತ್ತದೆ, ಪ್ರೋಟೀನು 20 ಗ್ರಾಂ ಹತ್ತಿರ ಹೋಗುತ್ತದೆ, ಮಧ್ಯಾಹ್ನ ಒಂದರವರೆಗೆ ಹಸಿವು ತಲೆ ಎತ್ತುವುದಿಲ್ಲ.

ತಿನ್ನುವ ಕ್ರಮಕ್ಕೂ ಬೆಲೆ ಇದೆ. ಪಲ್ಯ, ಕಾಳು, ಮೊಟ್ಟೆ ಮೊದಲು, ಹತ್ತು ನಿಮಿಷ ಬಿಟ್ಟು ಕಡುಬು. ಪಿಷ್ಟ ಕೊನೆಗೆ ಹೋದರೆ ಸಕ್ಕರೆ ಒಮ್ಮೆಲೇ ಜಿಗಿಯುವುದಿಲ್ಲ. ನಂಬಿಕೆ ಬರದಿದ್ದರೆ ಗ್ಲೂಕೋಮೀಟರಿನಲ್ಲೇ ನೋಡಿ: ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಒಮ್ಮೆ. ಹಳೆಯ ತಟ್ಟೆಗೆ ಮೂರು ದಿನ, ಹೊಸ ತಟ್ಟೆಗೆ ಮೂರು ದಿನ. ಹೋಲಿಸಬೇಕಾದದ್ದು ಎರಡು ಅಂಕಿಗಳ ನಡುವಿನ ಏರಿಕೆಯನ್ನು. ಬೆರಳಿಗೆ ಬೆಲ್ಲದ ಅಂಟಿದ್ದರೂ ಅಂಕಿ ಸುಳ್ಳಾಗುತ್ತದೆ, ಕೈ ತೊಳೆದು ಒರೆಸಿಯೇ ಚುಚ್ಚಿ.

ಈ ದಾರಿ ಕೈಕೊಡುವುದು ಮೂರು ಕಡೆ. ಒಂದು, ತೆಂಗಿನಕಾಯಿ. ಒಂದು ಹಿಡಿ ತುರಿ, ಅಂದರೆ 30 ಗ್ರಾಂ, ನೂರು ಕ್ಯಾಲೊರಿ. ಚಟ್ನಿ, ಸಾಸಿವೆ, ಹುಳಿ, ತಂಬುಳಿ ಎಲ್ಲಕ್ಕೂ ಬೀಳುವುದರಿಂದ ದಿನದ ಕೊನೆಗೆ ಎಷ್ಟು ಹಿಡಿ ಆಯಿತು ಅನ್ನುವುದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಕೋಳಿ ಸಾರಿನ ರಸದಲ್ಲೂ ತೆಂಗೇ ಇರುವುದು, ಬಡಿಸುವಾಗ ತುಂಡು ಜಾಸ್ತಿ, ರಸ ಕಡಿಮೆ. ಎರಡು, ಜೋನಿಬೆಲ್ಲ, ಅಂದರೆ ನೀರಾಗಿರುವ ಬೆಲ್ಲ. ಸಕ್ಕರೆ ಬಿಟ್ಟಿದ್ದೇವೆ ಅನ್ನುತ್ತಲೇ ನೀರುದೋಸೆಗೆ ಎರಡು ದೊಡ್ಡ ಚಮಚ ಸುರಿದುಕೊಳ್ಳುವವರಿದ್ದಾರೆ, ಒಂದು ಚಮಚಕ್ಕೆ ಸುಮಾರು 60 ಕ್ಯಾಲೊರಿ. ದಿನಕ್ಕೆ ಮೂರು ಲೋಟ ಕಷಾಯದ ಬೆಲ್ಲಕ್ಕೂ ರಕ್ತದಲ್ಲಿ ರಿಯಾಯಿತಿ ಇಲ್ಲ. ಮೂರು, ಸಸ್ಯಾಹಾರಿ ಮನೆಗಳ ಪ್ರೋಟೀನು. ತಂಬುಳಿ, ನೀರು ಮಜ್ಜಿಗೆ, ತಿಳಿಸಾರಿನಿಂದ ಅದು ಸಿಗುವುದಿಲ್ಲ. ಗಟ್ಟಿ ಮೊಸರು, ಪನೀರು, ಮೊಳಕೆ ಹೆಸರುಕಾಳು ಬೇಕು. 50 ಗ್ರಾಂ ಒಣ ಸೋಯಾ ತುಂಡಿನಲ್ಲಿ 25 ಗ್ರಾಮಿನಷ್ಟು ಇದೆ, ರುಚಿ ಮಾತ್ರ ಮಸಾಲೆಯ ಕೈಯಲ್ಲಿ.

ತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಪ್ರೋಟೀನು ಅಂತ ಗುರಿ ಇಟ್ಟುಕೊಳ್ಳಬಹುದು. ಅದಕ್ಕೆ ಮುಂಚೆ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗಲೇಬೇಕು. ಮೂತ್ರಪಿಂಡ ಸೋತಿದ್ದರೆ ಈ ಅಳತೆ ಹೊಂದುವುದಿಲ್ಲ.

ಹಲಸಿನ ಕಾಲದಲ್ಲಿ ಎಳೆ ಹಲಸಿನಕಾಯಿ ಪಲ್ಯ ಧಾರಾಳವಾಗಿ ನಡೆಯುತ್ತದೆ. ಹಣ್ಣಿನ ತೊಳೆ ಬೇರೆಯೇ ವಸ್ತು, ನೂರು ಗ್ರಾಮಿಗೆ 20 ಗ್ರಾಂ ಆಸುಪಾಸು ಸಕ್ಕರೆ. ಮೂರು ತೊಳೆ ತಿಂದು ಕೈ ತೊಳೆಯಿರಿ. ಕಳಲೆ (ಎಳೆ ಬಿದಿರು), ಅಣಬೆಗೆ ಲೆಕ್ಕವೇ ಬೇಡ.

ದಾರಿ 3: ಹೊತ್ತು ಕಟ್ಟಿ ತಿನ್ನುವುದು

ರಾತ್ರಿ ಊಟವನ್ನು ಒಂಬತ್ತೂವರೆಯಿಂದ ಏಳಕ್ಕೆ ತಂದು, ಬೆಳಿಗ್ಗೆ ಎಂಟಕ್ಕೆ ತಿಂಡಿ ಅಂದರೆ 13 ಗಂಟೆ ಬಿಡುವು. ಇಷ್ಟು ಸಾಕು. ಧಾರಾವಾಹಿ ನೋಡುತ್ತಾ ಬಾಯಾಡುವುದು ನಿಲ್ಲುತ್ತದೆ, ಇದರ ಲಾಭದ ಬಹುಪಾಲು ಅಷ್ಟೇ. ತಿಂಡಿ ಬಿಟ್ಟು ಮಧ್ಯಾಹ್ನಕ್ಕೆ ನೇರ ಊಟ ಮಾಡುವ ಬಗೆ ಇದರ ಮುಂದೆ ಸೋಲುತ್ತದೆ. ಮಧ್ಯಾಹ್ನ ಎರಡು ಊಟ ಒಂದಾಗಿ ಸಕ್ಕರೆ ಹಾರುತ್ತದೆ.

ಇಲ್ಲಿ ನಿರ್ಣಯ ಮಾಡುವುದು ಮಾತ್ರೆ. ದೇಹದ ಇನ್ಸುಲಿನ್ ಹೆಚ್ಚಿಸುವ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ತಿಂಡಿ ಬಿಟ್ಟರೆ ಹನ್ನೊಂದರ ಹೊತ್ತಿಗೆ ತೋಟದಲ್ಲಿ ಕೈ ನಡುಗಿ, ಬೆವರಿ, ಮಾತು ತೊದಲಬಹುದು. ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತಿನ್ನುವವರು ಅನ್ನ ಪೂರ್ತಿ ಬಿಡುವುದಾಗಲಿ, ದೀರ್ಘ ಉಪವಾಸವಾಗಲಿ ಮಾಡಲೇಬಾರದು. ಸಕ್ಕರೆ ಹೆಚ್ಚಿಲ್ಲದೆಯೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿ ಹುಟ್ಟುವ ಆಮ್ಲ) ಏರಿ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು. ಮೀಟರಿನಲ್ಲಿ 180 ಇದೆ ಅಂತ ಮನೆಯಲ್ಲೇ ಕೂತರೆ ಪ್ರಾಣಕ್ಕೇ ಸಂಚಕಾರ, ನೇರ ಆಸ್ಪತ್ರೆಗೆ ಹೋಗಿ.

ದಾರಿ 4: ನಡಿಗೆಯೋ ಕಸರತ್ತೋ

ದಿನಾ 40 ನಿಮಿಷ ನಡೆಯುವವರು 60ಕ್ಕೆ ಏರಿಸಿದರೆ ತೂಕದ ಮಟ್ಟಿಗೆ ಸಿಗುವುದು ಅಲ್ಪ. ದೇಹಕ್ಕೆ ಆ ದಾರಿ ರೂಢಿಯಾಗಿರುತ್ತದೆ, ಬಂದ ಮೇಲೆ ಹಸಿವೂ ಜಾಸ್ತಿ. ಅದೇ ನಡಿಗೆಯನ್ನು ಒಡೆದು ಮೂರೂ ಊಟದ ನಂತರ ಹದಿನೈದು ನಿಮಿಷದಂತೆ ಹಂಚಿದರೆ ಊಟದ ನಂತರದ ಸಕ್ಕರೆಗೆ ಚೆನ್ನಾಗಿ ಹಿಡಿತ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆಯ ಸುತ್ತಮುತ್ತ ರಸ್ತೆ ನಡಿಗೆಯ ಮಾತೇ ಬೇಡ. ಉದ್ದ ಜಗಲಿ ಇದ್ದರೆ ಅಲ್ಲೇ ಹಿಂದೆಮುಂದೆ, ಇಲ್ಲವೇ ಮೆತ್ತಿನ (ಮಹಡಿಯ) ಮೆಟ್ಟಿಲು ಹತ್ತಿಳಿಯುವುದು. ಶಿವಮೊಗ್ಗ ಪೇಟೆಯವರಿಗೆ ಈ ತಾಪತ್ರಯ ಅಷ್ಟಿಲ್ಲ.

ತೂಕ ನಿಂತ ಹೊತ್ತಲ್ಲಿ ಸ್ನಾಯು ಉಳಿಸುವುದರಲ್ಲಿ ಕಸರತ್ತು ನಡಿಗೆಗಿಂತ ಮುಂದೆ. ಪಥ್ಯದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಊಟದ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಆ ಸ್ನಾಯುವೇ. ಜಿಮ್ ಬೇಕಿಲ್ಲ. ಗೋಡೆಗೆ ಒರಗಿಸಿದ, ಅಲುಗದ ಕುರ್ಚಿ. ಕೈ ಎದೆಯ ಮೇಲೆ ಅಡ್ಡ ಕಟ್ಟಿ, ಮೂರು ಎಣಿಸುತ್ತಾ ಕೂತು, ಒಂದೇ ಪಟ್ಟಿಗೆ ಏಳಿ. ಹೀಗೆ ಹತ್ತು ಸಲ, ಒಂದೂವರೆ ನಿಮಿಷ ದಣಿವಾರಿಸಿಕೊಂಡು ಮತ್ತೆ, ಒಟ್ಟು ಮೂರು ಸುತ್ತು. ಧೊಪ್ಪನೆ ಕೂತರೆ ಅರ್ಧ ಕೆಲಸ ಹಾಳು, ನಿಧಾನಕ್ಕೆ ಇಳಿಯುವಾಗಲೇ ತೊಡೆ ದುಡಿಯುವುದು. ಹದಿನೈದು ಸಲೀಸಾದ ದಿನ ನೀರು ತುಂಬಿದ ಐದು ಲೀಟರ್ ಕ್ಯಾನು ಎದೆಗೆ ಅವುಚಿಕೊಳ್ಳಿ. ಇದರ ಜೊತೆ ಗೋಡೆಗೆ ಕೈಕೊಟ್ಟು ದಂಡ, ಬೆನ್ನು ನೇರವಿಟ್ಟು ಬಗ್ಗಿ ಕ್ಯಾನನ್ನು ಪಕ್ಕೆಗೆ ಎಳೆಯುವುದು, ಕಂಬ ಹಿಡಿದು ಹಿಮ್ಮಡಿ ಎತ್ತುವುದು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಉಸಿರು ಬಿಗಿಹಿಡಿಯಬೇಡಿ. ಕಣ್ಣಿನ ಅಕ್ಷಿಪಟಲದಲ್ಲಿ ತೊಂದರೆ ಇದೆ ಅಂದವರು ನೇತ್ರವೈದ್ಯರನ್ನು ಕೇಳದೆ ಭಾರ ಎತ್ತಬೇಡಿ.

ಮೊದಲ ಎರಡು ಮೂರು ವಾರ ತೂಕ ಅರ್ಧ ಕಿಲೋ ಏರಿದರೆ ಗಾಬರಿ ಬೇಡ, ದಣಿದ ಸ್ನಾಯು ನೀರು ಹಿಡಿಯುತ್ತದೆ. ಬಹಳ ಜನ ಬಿಟ್ಟುಬಿಡುವುದು ಈ ಹೊತ್ತಿನಲ್ಲೇ. ಟೇಪು ನೋಡಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿದು, ಉಸಿರು ಬಿಟ್ಟು ಅಳೆಯಿರಿ. ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಒಳಗಿರಬೇಕು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಅಥವಾ ಇನ್ಸುಲಿನ್ ಇರುವವರು ಕಸರತ್ತು ಶುರು ಮಾಡುವ ಮುಂಚೆ ರಕ್ತದ ಸಕ್ಕರೆ 90ಕ್ಕಿಂತ ಕಡಿಮೆ ಇದ್ದರೆ ಒಂದೆರಡು ಪುಟ್ಟಬಾಳೆ ತಿಂದೇ ಎದ್ದೇಳಿ.

ತೋಟದ ಕೆಲಸವನ್ನೇ ವ್ಯಾಯಾಮ ಅಂದುಕೊಂಡವರಿಗೆ ಒಂದು ಮಾತು. ಬರಿಗಾಲು ಬೇಡ. ಗಂಬೂಟಿನೊಳಗೆ ನೆಂದ ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಇಂಬಳ (ಜಿಗಣೆ) ಕಚ್ಚಿದಲ್ಲಿ ಕೆರೆದು ಆದ ಗಾಯ, ಎರಡೂ ಶುಗರ್ ಇದ್ದ ಕಾಲಿಗೆ ಸಣ್ಣ ವಿಷಯವಲ್ಲ. ಮನೆಗೆ ಬಂದ ಕೂಡಲೇ ಸಾಬೂನಲ್ಲಿ ತೊಳೆದು ಬೆರಳ ಸಂದಿ ಒರೆಸಿ ನೋಡಿ.

ದಾರಿ 5: ಮಾತ್ರೆಯ ಚೀಟಿ

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಪಯೊಗ್ಲಿಟಜೋನ್, ಇನ್ಸುಲಿನ್ ತೂಕವನ್ನು ಮೇಲಕ್ಕೆ ಎಳೆಯುತ್ತವೆ. ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಹೆಚ್ಚುಕಡಿಮೆ ತಟಸ್ಥ. ಡಪಾಗ್ಲಿಫ್ಲೋಜಿನ್ ಗುಂಪು ಎರಡು ಮೂರು ಕಿಲೋ ಇಳಿಸುತ್ತದೆ, ಆದರೆ ಮೂತ್ರದ ಜಾಗದಲ್ಲಿ ತುರಿಕೆ, ಫಂಗಸ್ ಬರಬಹುದು. ಹಸಿವು ತಗ್ಗಿಸುವ ಸೆಮಾಗ್ಲುಟೈಡ್ ಮತ್ತು 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಇಳಿಸುವಷ್ಟು ಮೇಲಿನ ಯಾವುದೂ ಇಳಿಸುವುದಿಲ್ಲ. ಓಕರಿಕೆ, ಮಲಬದ್ಧತೆ ಜೊತೆಗೆ ಬರಬಹುದು. ಊಟ ಸೇರದೆ ಪ್ರೋಟೀನು ಇಳಿದರೆ ಸ್ನಾಯು ಹೋಗುತ್ತದೆ, ನಿಲ್ಲಿಸಿದರೆ ತೂಕದ ಬಹುಪಾಲು ಮರಳುತ್ತದೆ. ಎರಡನೆಯ ದಾರಿಯೂ ಕಸರತ್ತೂ ಕೈಗೆ ಹತ್ತದೆ ಇದಕ್ಕೆ ಕೈಹಾಕುವುದು ದುಡ್ಡು ಹೊಳೆಗೆ ಹಾಕಿದಂತೆ.

ಯಾವ ಮಾತ್ರೆಯನ್ನೂ ತಾವಾಗಿ ಬಿಡಬೇಡಿ. ನಾಲ್ಕು ವಾರದ ತೂಕದ ಸರಾಸರಿ, ಸೊಂಟದ ಅಳತೆ, ಊಟದ ಮುಂಚಿನ ಮತ್ತು ನಂತರದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಒಯ್ದರೆ ವೈದ್ಯರಿಗೆ ನಿರ್ಧಾರ ಸುಲಭ. ಥೈರಾಯ್ಡ್ ಪರೀಕ್ಷೆ ಬೇಕೇ ಅಂತ ಅದೇ ಭೇಟಿಯಲ್ಲಿ ಕೇಳಿ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಕ್ರಮ ಹೀಗಿರಲಿ: ಮೊದಲ ನಾಲ್ಕು ವಾರ ತಟ್ಟೆ ಮಾತ್ರ, ಐದನೇ ವಾರದಿಂದ ಕಸರತ್ತು, ಎಂಟು ವಾರ ಕಳೆದೂ ಟೇಪು ಕದಲದಿದ್ದರೆ ಮಾತ್ರೆಯ ಮಾತು. ಬೇಗ ಊಟ ಯಾವಾಗ ಬೇಕಾದರೂ ಸೇರಿಸಿಕೊಳ್ಳಬಹುದು, ಆದರೆ ಮಾತ್ರೆಯ ಹೊತ್ತು ಸರಿಸಬೇಕೇ ಅಂತ ಮೊದಲೇ ಕೇಳಿ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ಮೂರು ತಿಂಗಳಿಗೊಮ್ಮೆ ಸಾಕು. ಇದ್ಯಾವುದನ್ನೂ ಮಾಡದೆ ತೂಕ ತಾನಾಗಿ ಜಾರತೊಡಗಿ, ಬಾಯಾರಿಕೆಯೂ ರಾತ್ರಿ ಮೂತ್ರಕ್ಕೆ ಏಳುವುದೂ ಹೆಚ್ಚಿದರೆ ಹಿಗ್ಗಬೇಡಿ. ಸಕ್ಕರೆ ಮತ್ತೆ ಮೂತ್ರದಲ್ಲಿ ಸೋರುತ್ತಿರಬಹುದು, ಅಂದೇ ಪರೀಕ್ಷೆ ಮಾಡಿಸಿ.