ಹಳೆ ಗಾರ್ಡನ್ ಟ್ರ್ಯಾಕ್ಟರಿನ ಚಾರ್ಜಿಂಗ್: ಆರು ವರ್ಷ ಬಳಸಿದ ಮೇಲೆ

ಅಮೆರಿಕದ ಒಹಾಯೋದಲ್ಲಿ ನಮ್ಮ ಮನೆ. ಸುತ್ತ ಒಂದೂವರೆ ಎಕರೆ ಹುಲ್ಲು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಲು, ಚಳಿಗಾಲದಲ್ಲಿ ಹಿಮ ತಳ್ಳಲು 1970ರ ದಶಕದ ಒಂದು ಸೆಕೆಂಡ್ ಹ್ಯಾಂಡ್ ಗಾರ್ಡನ್ ಟ್ರ್ಯಾಕ್ಟರ್ ಇದೆ. ಒಂದೇ ಸಿಲಿಂಡರ್, 12 ಹಾರ್ಸ್‌ಪವರ್. ಅದರ ಚಾರ್ಜಿಂಗ್ ಬಗ್ಗೆ ಮಾತ್ರ ಬರೆಯುತ್ತೇನೆ. ಮೊದಲ ಎರಡು ವರ್ಷ ನನ್ನ ದುಡ್ಡು ಹೋಗಿದ್ದೇ ಅಲ್ಲಿ.

ಆ ಎರಡು ವರ್ಷದಲ್ಲಿ ಮೂರು ಬ್ಯಾಟರಿ ಕೊಂಡೆ. ಹೊಸದು ಹಾಕಿದಾಗ ಸೆಲ್ಫ್ ಜೋರಾಗಿ ಹೊಡೆಯುತ್ತಿತ್ತು. ಮೂರು ನಾಲ್ಕು ವಾರ ಕಳೆದರೆ ಬರೀ ಟಿಕ್ ಟಿಕ್. ಪ್ರತಿ ಸಲವೂ ಅಂಗಡಿಯವರು "ಬ್ಯಾಟರಿ ಹೋಗಿದೆ" ಎಂದರು. ಚಾರ್ಜ್ ಆಗ್ತಾ ಇದೆಯಾ ಅಂತ ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಒಂದು ಸಂಜೆ ಹಿಮ ತಳ್ಳುವಾಗ ಲೈಟು ಮಂಕಾಯಿತು, ಸ್ವಲ್ಪ ಹೊತ್ತಿಗೆ ಇಂಜಿನ್ನೂ ನಿಂತಿತು. ಈ ಇಂಜಿನ್ನಿನಲ್ಲಿ ಕಿಡಿಗೂ ಬ್ಯಾಟರಿಯ ಕರೆಂಟೇ ಬೇಕು. ಮರುದಿನ ವೋಲ್ಟ್ ಅಳೆಯುವ ಮಲ್ಟಿಮೀಟರ್ ತಂದೆ.

ಒಳಗಿನ ವ್ಯವಸ್ಥೆ ತುಂಬಾ ಸರಳ. ಇಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್, ಅದರ ಒಳ ಅಂಚಿನಲ್ಲಿ ಮ್ಯಾಗ್ನೆಟ್‌ಗಳು. ಅದರ ಕೆಳಗೆ ಅಲುಗಾಡದೆ ಕೂತಿರುವುದು ಸ್ಟೇಟರ್, ನಮ್ಮೂರ ಬೈಕ್ ಗ್ಯಾರೇಜಿನವರ ಮಾತಲ್ಲಿ ಮ್ಯಾಗ್ನೆಟ್ ಕಾಯಿಲ್. ಫ್ಲೈವೀಲ್ ತಿರುಗಿದರೆ ಕಾಯಿಲಿನಲ್ಲಿ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ ಹುಟ್ಟುತ್ತದೆ. ಬ್ಯಾಟರಿಗೆ ಬೇಕಾಗಿರುವುದು ಒಂದೇ ದಿಕ್ಕಿನ ಡಿಸಿ. ಎಸಿಯನ್ನು ಡಿಸಿ ಮಾಡಿ ವೋಲ್ಟೇಜನ್ನು ಹಿಡಿತದಲ್ಲಿಡುವುದು ರೆಕ್ಟಿಫೈಯರ್-ರೆಗ್ಯುಲೇಟರ್ ಎಂಬ ಪುಟ್ಟ ಡಬ್ಬಿ. ಎರಡು ಎಸಿ ವೈರು ಒಳಗೆ, ಒಂದು ಡಿಸಿ ವೈರು ಹೊರಗೆ. ಅರ್ಥಿಂಗಿಗೆ ಬೇರೆ ವೈರಿಲ್ಲ. ಡಬ್ಬಿಯ ಮೈಯೇ ಅರ್ಥಿಂಗ್. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.4 ವೋಲ್ಟ್ ತೋರಿಸಿತು. ಫುಲ್ ಥ್ರಾಟಲ್ ಕೊಟ್ಟಾಗ 12.2. ಅಂದರೆ ಚಾರ್ಜೇ ಇಲ್ಲ. ಸರಿಯಿದ್ದರೆ 13.8ರಿಂದ 14.7ರ ಒಳಗೆ ಇರಬೇಕು. ಎರಡು ಎಸಿ ವೈರನ್ನು ಡಬ್ಬಿಯಿಂದ ಕಿತ್ತು, ಮೀಟರನ್ನು ಎಸಿಗೆ ತಿರುಗಿಸಿ ನೋಡಿದೆ. 30 ವೋಲ್ಟ್ ಬಂತು. ನನ್ನದು 15 ಆಂಪ್‌ನ ಕಾಯಿಲ್, ಅದಕ್ಕೆ 28ರ ಮೇಲಿದ್ದರೆ ಸಾಕು. ಕಾಯಿಲ್ ಗಟ್ಟಿಯಾಗಿದೆ ಎಂದು ಖುಷಿಯಾಯಿತು. ಅದು ಹೋಗಿದ್ದರೆ ಫ್ಲೈವೀಲ್ ಕಳಚಬೇಕಿತ್ತು.

ಹಾಗಾದರೆ ಡಬ್ಬಿ ಹೋಗಿರಬೇಕು ಅಂದುಕೊಂಡು ಬಿಚ್ಚಿದೆ. ಹಿಂದಿನ ಮಾಲೀಕರು ಟ್ರ್ಯಾಕ್ಟರಿಗೆ ಚೆಂದವಾಗಿ ಪೇಂಟ್ ಮಾಡಿಸಿದ್ದರು. ಡಬ್ಬಿ ಕೂರುವ ತಗಡಿಗೂ ಪೇಂಟ್, ಬೋಲ್ಟಿಗೆ ತುಕ್ಕು. ಪೇಂಟಿನಲ್ಲಿ ಕರೆಂಟ್ ಹರಿಯದು, ಅರ್ಥಿಂಗ್ ಸಿಗುವುದಾದರೂ ಎಲ್ಲಿಂದ? ತಗಡನ್ನು ಎಮರಿ ಪೇಪರಿನಿಂದ ಬೆಳ್ಳಗೆ ಹೊಳೆಯುವಷ್ಟು ಉಜ್ಜಿ, ಹೊಸ ಬೋಲ್ಟು ಹಾಕಿದೆ. 14.1 ವೋಲ್ಟ್! ಮೂರು ಬ್ಯಾಟರಿಯ ದುಡ್ಡು ನೆನೆದು ಹೊಟ್ಟೆ ಉರಿಯಿತು.

ಆಮೇಲೆ ಒಮ್ಮೆ ಡಬ್ಬಿ ನಿಜವಾಗಿಯೂ ಸುಟ್ಟಿತು. ಅದು ನನ್ನ ತಪ್ಪು. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದ್ದನ್ನು ನೋಡದೆ ಓಡಿಸಿದೆ. ಇಂಜಿನ್ ಓಡುವಾಗ ಬ್ಯಾಟರಿಯ ಸಂಪರ್ಕ ತಪ್ಪಿದರೆ ಈ ಡಬ್ಬಿಗೆ ಅಪಾಯ. ಪ್ಲಸ್ ಮೈನಸ್ ಅದಲು ಬದಲಾದರೂ ಅಷ್ಟೇ. ವೆಲ್ಡಿಂಗ್ ಮಾಡಿಸುವುದಿದ್ದರೆ ಮೊದಲು ಅದರ ವೈರು ಕಿತ್ತಿಡಿ.

ಹಳೆ ಟ್ರ್ಯಾಕ್ಟರ್ ಕೊಳ್ಳುವವರು ಯಾವ ಬಗೆಯ ಚಾರ್ಜಿಂಗ್ ಎಂದು ಕೇಳಿಕೊಳ್ಳಿ. ಕೆಲವು ಇಂಜಿನ್‌ಗಳಲ್ಲಿ ಬರೀ 3 ಆಂಪ್, ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದೇ ಡಯೋಡ್, ರೆಗ್ಯುಲೇಟರ್ ಇಲ್ಲ. ಬ್ಯಾಟರಿ ತುಂಬಲು ಅದು ಸಾಕು. ಆದರೆ 35 ವಾಟಿನ ಎರಡು ಹೆಡ್‌ಲೈಟ್ ಸುಮಾರು 6 ಆಂಪ್ ಎಳೆಯುತ್ತವೆ, ಲೆಕ್ಕ ನೀವೇ ಹಾಕಿ. 1960ರ ದಶಕದ ಕಬ್ ಕ್ಯಾಡೆಟ್ ಬ್ರ್ಯಾಂಡಿನ ಗಾರ್ಡನ್ ಟ್ರ್ಯಾಕ್ಟರ್‌ಗಳಲ್ಲಿ ಸೆಲ್ಫ್ ಮೋಟರ್ ಮತ್ತು ಡೈನಮೋ ಎರಡೂ ಒಂದೇ, ಬೆಲ್ಟಿನಿಂದ ತಿರುಗುತ್ತದೆ. ಅದರಲ್ಲಿ ಬೆಲ್ಟು, ಒಳಗಿನ ಕಾರ್ಬನ್ ಬ್ರಷ್ಷು ಸವೆಯುತ್ತವೆ. ನನ್ನದರಲ್ಲಿ ಸವೆಯುವಂಥದ್ದು ಏನೂ ಇಲ್ಲ. ಅದಕ್ಕೇ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಐಡಲಿನಲ್ಲಿ, ಅಂದರೆ ಥ್ರಾಟಲ್ ಕೊಡದೆ ಇಂಜಿನ್ ನಿಧಾನಕ್ಕೆ ಓಡುವಾಗ, ಚಾರ್ಜ್ ತೀರಾ ಕಡಿಮೆ ಎಂಬುದಕ್ಕೆ. ಲೈಟ್ ಹಾಕಿಕೊಂಡು ನಿಧಾನಕ್ಕೆ ಹಿಮ ತಳ್ಳುವವರಿಗೆ ಇದು ಗೊತ್ತಿರಬೇಕು.

ಈಗ ಪ್ರತಿ ಏಪ್ರಿಲ್‌ನಲ್ಲಿ ಆ ಬೋಲ್ಟು ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯುತ್ತೇನೆ. ಹತ್ತು ನಿಮಿಷದ ಕೆಲಸ. ಮೂರನೆಯ ಬ್ಯಾಟರಿಯೇ ಇನ್ನೂ ಓಡುತ್ತಿದೆ.