ಬೆಳ್ಳಿ ಅಂತ ಕೊಟ್ಟ ಕಡಗ: ಚಾ ಹೊತ್ತಿನ ಒಡವೆ ಕೊಳ್ಳುವ ಮುಂಚೆ ಇದನ್ನು ಓದಿ

ನನ್ನ ಎಡಗೈ ಮಣಿಕಟ್ಟಿನ ಸುತ್ತ ಒಂದು ಕಂದು ಪಟ್ಟೆ ಇದೆ. ಬಳೆ ತೊಟ್ಟ ಹಾಗೆ ಕಾಣುತ್ತದೆ. ಹತ್ತು ತಿಂಗಳಾಯಿತು, ಇನ್ನೂ ಪೂರ್ತಿ ಹೋಗಿಲ್ಲ. ಅದು ಹೇಗೆ ಬಂತು ಅಂತ ಹೇಳುತ್ತೇನೆ. ಕಾರವಾರ, ಗೋಕರ್ಣ, ಶಿರಸಿ ಕಡೆ ಈಗ ಚಾ ಕುಡಿಯುವಾಗ ತೊಡುವ ಬೆಳ್ಳಿ ಅಂತ ಒಡವೆ ಮಾರುವ ಮಳಿಗೆಗಳು ಜಾಸ್ತಿ ಆಗಿವೆ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಮೊದಲು ನನ್ನ ಚಾ ಬಗ್ಗೆ. ನಾನು ಇರುವುದು ಕಾರವಾರದಲ್ಲಿ, ತವರು ಶಿರಸಿ ಹತ್ತಿರದ ಹಳ್ಳಿ. ಮೂರು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಎದ್ದು, ಮಜ್ಜಿಗೆಹುಲ್ಲು ಕುದಿಸಿ, ಚೂರು ಬೆಲ್ಲ ಹಾಕಿ ಚಾ ಮಾಡಿಕೊಳ್ಳುತ್ತೇನೆ. ಹಿತ್ತಲ ಮೆಟ್ಟಿಲ ಮೇಲೆ ಕೂತು ಕುಡಿಯುತ್ತೇನೆ. ಫೋನು ಒಳಗೇ ಇರುತ್ತದೆ. ಮಾತಿಲ್ಲ, ಕೆಲಸವಿಲ್ಲ. ಲೋಟದ ಬಿಸಿ, ಹುಲ್ಲಿನ ವಾಸನೆ, ಒಂದೊಂದೇ ಗುಟುಕು. ಅಪ್ಪ ತೀರಿಕೊಂಡ ವರ್ಷ ನಿದ್ದೆ ಇಲ್ಲದೆ ಒದ್ದಾಡಿದ್ದೆ. ಆಗ ಶುರುವಾದ ರೂಢಿ ಇದು. ಆ ಹದಿನೈದು ನಿಮಿಷ ನನಗೆ ತುಂಬಾ ಮುಖ್ಯ. ಅದಕ್ಕೇ ಕಡಗ ಮಾರಿದ ಮಳಿಗೆಯವರ ಮಾತು ನೇರ ಎದೆಗೆ ತಾಗಿತು.

2025ರ ಏಪ್ರಿಲ್‌ನಲ್ಲಿ ಊರಿನ ಒಂದು ಸಭಾಂಗಣದಲ್ಲಿ ಕೈಮಗ್ಗ, ಕರಕುಶಲ ವಸ್ತುಗಳ ಪ್ರದರ್ಶನ ಇತ್ತು. ಒಂದು ಮೂಲೆಯಲ್ಲಿ ಸಣ್ಣ ಮೇಜು, ಅದರ ಮೇಲೆ ಮಣ್ಣಿನ ಕುಡಿಕೆಗಳು, ಪಕ್ಕದಲ್ಲಿ ಕಡಗ, ಉಂಗುರ. "ಚಾ ಕುಡಿಯುವಾಗ ತೊಡುವ ಕೈಕೆಲಸದ ಬೆಳ್ಳಿ" ಅಂತ ಬರೆದಿತ್ತು. ಮಾರುತ್ತಿದ್ದವರು ನನಗೂ ಒಂದು ಕುಡಿಕೆ ಚಾ ಕೊಟ್ಟರು. ಗುಟುಕಿಗೊಮ್ಮೆ ಉಂಗುರವನ್ನು ಒಂದು ಸುತ್ತು ತಿರುಗಿಸಿ, ಮನಸ್ಸು ಅಲ್ಲೇ ನಿಲ್ಲುತ್ತದೆ ಅಂದರು. ತಿರುಗಿಸಿದೆ. ನಿಜವಾಗಿಯೂ ನಿಂತಿತು. ಇದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ಬೆರಳಿಗೆ ಒಂದು ಕೆಲಸ ಕೊಟ್ಟರೆ ಮನಸ್ಸು ಅಲೆಯುವುದು ಕಡಿಮೆಯಾಗುತ್ತದೆ. ಜಪಮಣಿ ಎಣಿಸುವವರಿಗೆ ಇದು ಗೊತ್ತಿರುವುದೇ.

ಕಡಗದ ಮೇಲೆ ಸುತ್ತಿಗೆ ಪೆಟ್ಟಿನ ಸಣ್ಣ ಸಣ್ಣ ತಗ್ಗುಗಳು. ಒಳಬದಿಯಲ್ಲಿ 925 ಅಂತ ಬೆಳ್ಳಿಯ ಶುದ್ಧತೆಯ ಗುರುತು. ತೂಕ ಎಷ್ಟು ಅಂತ ಕೇಳಿದೆ. "ಮೇಡಂ, ತೂಕ ಹಾಕಿ ಮಾರೋದು ಅಂಗಡಿ ಒಡವೆ. ಇದು ಕೈಕೆಲಸ, ಇದಕ್ಕೆ ತೂಕದ ಲೆಕ್ಕ ಹಿಡಿಬೇಡಿ" ಅಂದರು. ನನಗೇ ನಾಚಿಕೆ ಆಯಿತು, ಏನೋ ಕೀಳು ಮಾತು ಕೇಳಿದ ಹಾಗೆ. ಆ ಒಂದು ಕ್ಷಣದಲ್ಲೇ ನಾನು ಸೋತೆ. ತೂಕ ಹೇಳದ ಬೆಳ್ಳಿಯನ್ನು ನನ್ನ ಅಜ್ಜಿ ಮುಟ್ಟಿಯೂ ನೋಡುತ್ತಿರಲಿಲ್ಲ.

ಕಡಗ, ಉಂಗುರ ಸೇರಿ 7,500 ರೂಪಾಯಿ. ಆಗ ಬೆಳ್ಳಿ ಗ್ರಾಂಗೆ ನೂರು ರೂಪಾಯಿ ಆಸುಪಾಸಿನಲ್ಲಿತ್ತು. ಬೆಳ್ಳಿಯ ಬೆಲೆ, ಮೇಲೆ ಮಜೂರಿ ಅಂತ ಲೆಕ್ಕ ಹಾಕಿದರೆ ಸರಿಯಾಗಿಯೇ ಕಾಣುತ್ತಿತ್ತು. ತೀರಾ ಅಗ್ಗವಾಗಿದ್ದರೆ ಅನುಮಾನ ಬರುತ್ತಿತ್ತು. ಯುಪಿಐನಲ್ಲಿ ದುಡ್ಡು ಕೊಟ್ಟೆ. ಒಂದು ಚೀಟಿ ಕೊಟ್ಟರು. "ಕಡಗ 1, ಉಂಗುರ 1" ಅಷ್ಟೇ. ಬೆಳ್ಳಿ ಅನ್ನುವ ಪದ ಅದರಲ್ಲಿ ಇರಲೇ ಇಲ್ಲ. ಅದನ್ನು ನಾನು ಗಮನಿಸಿದ್ದು ಎರಡು ತಿಂಗಳ ನಂತರ.

ಜೊತೆಗೆ ಒಂದು ಕಾರ್ಡು ಕೊಟ್ಟಿದ್ದರು. ಉಂಗುರವನ್ನು ಲೋಟದ ತಳದಲ್ಲಿ ಹಾಕಿ ಅದರ ಮೇಲೆ ಬಿಸಿ ಚಾ ಸುರಿಯಿರಿ, ಬೆಳ್ಳಿಯ ಗುಣ ಇಳಿಯುತ್ತದೆ ಅಂತ ಅದರಲ್ಲಿತ್ತು. ನಂಬಿದೆ. ನಮ್ಮಲ್ಲಿ ಮಗುವಿಗೆ ಬೆಳ್ಳಿ ಒಳಲೆಯಲ್ಲೇ ಹಾಲು ಕುಡಿಸುವುದು, ಅಲ್ವಾ? ದೇವರ ಮುಂದಿನ ತೀರ್ಥದ ಬಟ್ಟಲೂ ಬೆಳ್ಳಿಯದೇ. ಹಾಗಾಗಿ ವಿಚಿತ್ರ ಅನ್ನಿಸಲಿಲ್ಲ. ಸುಮಾರು ಇಪ್ಪತ್ತು ದಿನ ಹಾಗೇ ಮಾಡಿದೆ. ಕೆಲವು ದಿನ ಲಿಂಬೆ ಹಿಂಡಿದ ಚಾ ಕೂಡ. ಲಿಂಬೆ ಹಾಕಿದ ದಿನ ನಾಲಿಗೆಯ ಮೇಲೆ ನಾಣ್ಯ ನೆಕ್ಕಿದ ಹಾಗೆ ಒಂದು ರುಚಿ ಉಳಿಯುತ್ತಿತ್ತು. ಇದೇ ಬೆಳ್ಳಿಯ ರುಚಿ ಅಂದುಕೊಂಡೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಯಾವ ಲೋಹ ಅಂತ ಖಾತ್ರಿ ಇಲ್ಲದ ಒಡವೆಯನ್ನು ಬಿಸಿ ಮತ್ತು ಹುಳಿ ಇರುವ ಯಾವುದಕ್ಕೂ ಹಾಕಬಾರದು. ಅದರಲ್ಲಿ ತಾಮ್ರ, ನಿಕ್ಕಲ್ ಇದ್ದರೆ ಎರಡೂ ಹುಳಿಗೆ ಬಿಡುತ್ತವೆ.

ಮೊದಲ ಎರಡು ವಾರ ಕೈಗೆ ಏನೂ ಆಗಲಿಲ್ಲ. ಮೇ ತಿಂಗಳು ಬಂತು. ಕಾರವಾರದ ಮೇ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಸ್ನಾನ ಮಾಡಿ ಬಂದ ಐದು ನಿಮಿಷಕ್ಕೆ ಮತ್ತೆ ಮೈಯೆಲ್ಲ ಒದ್ದೆ. ಕಡಗದ ಕೆಳಗೆ ತುರಿಕೆ ಶುರುವಾಯಿತು. ಬೆವರುಸಾಲೆ ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ಆಮೇಲೆ ಅರಿಶಿನ. ಸಣ್ಣ ಸಣ್ಣ ನೀರುಗುಳ್ಳೆ ಎದ್ದವು, ಒಡೆದವು, ನೀರು ಸೋರಿತು. ಉಂಗುರದ ಬೆರಳಿನಲ್ಲೂ ಅದೇ, ಮೇಲಿಂದ ಹಸಿರು ಬಣ್ಣದ ಗೆರೆ. ಇಷ್ಟಾದರೂ ನಾನು ಕಡಗದ ಮೇಲೆ ಸಂಶಯ ಪಡಲಿಲ್ಲ. ಬೆಳ್ಳಿ ಮೈಗೆ ತಂಪು ಅಂತ ಕೇಳಿಯೇ ಬೆಳೆದವಳು. ತುರಿಕೆ ಇದ್ದಾಗಲೂ ಬೆಳಿಗ್ಗೆ ತೊಟ್ಟುಕೊಂಡೇ ಚಾ ಕುಡಿದೆ.

ಮಾರಿದವರಿಗೆ ಫೋನು ಮಾಡಿದೆ. "ದೇಹದ ಕಲ್ಮಶ ಹೊರಗೆ ಬರ್ತಾ ಇದೆ, ಒಳ್ಳೆಯ ಲಕ್ಷಣ, ತೆಗೀಬೇಡಿ" ಅಂದರು. ಈ ಮಾತಿಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ದುಡ್ಡು ಹೋದದ್ದಕ್ಕೆ ಇಷ್ಟು ಸಿಟ್ಟಿಲ್ಲ. ಆ ಮಾತು ಕೇಳಿ ಇನ್ನೂ ಒಂದು ವಾರ ತೊಟ್ಟೆ.

ಚರ್ಮದ ಡಾಕ್ಟರು ನೋಡಿದ ತಕ್ಷಣ ಕೈಯಲ್ಲಿ ಏನು ಹಾಕುತ್ತೀರಿ ಅಂತ ಕೇಳಿದರು. ಬೆಳ್ಳಿ ಅಂದೆ. ಗುಳ್ಳೆಗಳು ಸರಿಯಾಗಿ ಕಡಗದ ಅಗಲಕ್ಕೇ ಇವೆ ನೋಡಿ ಅಂತ ತೋರಿಸಿದರು. ನಿಕ್ಕಲ್ ಅಲರ್ಜಿ. ಬೆವರಿನ ಉಪ್ಪು ಲೋಹದಿಂದ ನಿಕ್ಕಲ್ ಬಿಡಿಸುತ್ತದೆ, ಅದು ಚರ್ಮದೊಳಗೆ ಇಳಿಯುತ್ತದೆ. ಮೊದಲು ಕೆಲವು ದಿನ ದೇಹ ಸುಮ್ಮನಿರುತ್ತದೆ, ಒಮ್ಮೆ ಅದಕ್ಕೆ ಗುರುತು ಸಿಕ್ಕಿದ ಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಈಗ ನನಗೆ ವಾಚಿನ ಬಕಲ್ ಆಗುವುದಿಲ್ಲ, ಅಗ್ಗದ ಓಲೆ ಆಗುವುದಿಲ್ಲ. ಹೊಕ್ಕುಳ ಹತ್ತಿರ ಜೀನ್ಸಿನ ಗುಂಡಿ ತಾಗಿದರೂ ಎರಡು ದಿನದಲ್ಲಿ ಕೆಂಪಾಗುತ್ತದೆ. ಆ ಕಡಗ ನನಗೆ ಕೊಟ್ಟು ಹೋದದ್ದು ಇದು.

ಜೂನಿನಲ್ಲಿ ಘಟ್ಟ ಹತ್ತಿ ಊರಿಗೆ ಹೋದಾಗ ಆಯಿ, ಅಂದರೆ ನನ್ನ ಅಮ್ಮ, ಕೈ ನೋಡಿ ಹೌಹಾರಿದಳು. ಮಾರನೇ ದಿನವೇ ಶಿರಸಿ ಪೇಟೆಗೆ ಕರೆದುಕೊಂಡು ಹೋದಳು, ನಮ್ಮ ಮನೆಗೆ ಎರಡು ತಲೆಮಾರಿನಿಂದ ಒಡವೆ ಮಾಡಿಕೊಡುವ ಶೇಟ್ರ ಹತ್ತಿರ. ಅವರು ಕಡಗವನ್ನು ಅಂಗೈ ಮೇಲೆ ಒಮ್ಮೆ ಎತ್ತಿ ಇಳಿಸಿದರು. ಮುಖದಲ್ಲೇ ಗೊತ್ತಾಯಿತು. ಒಳಬದಿಯಲ್ಲಿ ಸಣ್ಣ ಅರದಿಂದ ಒಂದು ಗೀರು ಹಾಕಿ, ಅದರ ಮೇಲೆ ಒಂದು ಹನಿ ಆಸಿಡ್ ಬಿಟ್ಟರು. ಬುರುಬುರು ಅಂತ ಹಸಿರು ನೊರೆ ಬಂತು. ಆಮೇಲೆ ತಮ್ಮ ಪೆಟ್ಟಿಗೆಯಿಂದ ಒಂದು ಮುರಿದ ಕಾಲ್ಗೆಜ್ಜೆಯ ತುಂಡು ತೆಗೆದು ಅದಕ್ಕೂ ಹನಿ ಬಿಟ್ಟರು. ಅಲ್ಲಿ ಬರೀ ಕೆನೆ ಬಣ್ಣದ ಕಲೆ. (ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಅದು ನೈಟ್ರಿಕ್ ಆಸಿಡ್, ಕೈ ಸುಡುತ್ತದೆ.)

"ತಂಗೀ, ಇದು ಜರ್ಮನ್ ಸಿಲ್ವರ್. ಮೇಲೆ ಒಂದು ಪದರ ಬೆಳ್ಳಿ ನೀರು ಹಿಡಿಸಿದ್ದಾರೆ ಅಷ್ಟೆ" ಅಂದರು.

"ಶೇಟ್ರೇ, 925 ಅಂತ ಇದೆಯಲ್ಲ?"

ಅವರು ಮಾತಾಡದೆ ಮೇಜಿನ ಖಾನೆ ಎಳೆದು ಒಂದು ಉಕ್ಕಿನ ಅಚ್ಚು ತೆಗೆದರು. ಒಂದು ತುಂಡು ತಗಡಿನ ಮೇಲೆ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು. ತಗಡಿನ ಮೇಲೆ 925 ಮೂಡಿತು.

ಜರ್ಮನ್ ಸಿಲ್ವರ್ ಅನ್ನುವುದು ಹೆಸರಿಗೆ ಮಾತ್ರ ಸಿಲ್ವರ್. ಅದರಲ್ಲಿರುವುದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಒಂದು ಚೂರೂ ಇಲ್ಲ. ನಿಜವಾದ 925 ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ಜರ್ಮನ್ ಸಿಲ್ವರ್ ಅಂತಲೇ ಹೇಳಿ, ಅದರ ಬೆಲೆಗೇ ಮಾರುವವರ ಮೇಲೆ ನನಗೆ ಯಾವ ದೂರೂ ಇಲ್ಲ.

ಇನ್ನೊಂದು ವಿಷಯ ಗೊತ್ತಾದದ್ದು ಆಫೀಸಿನಲ್ಲಿ. ನನ್ನ ಗೆಳತಿಯೂ ಅದೇ ಪ್ರದರ್ಶನದಲ್ಲಿ ಅದೇ ಥರದ ಕಡಗ ಕೊಂಡಿದ್ದಳು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆವು. ಸುತ್ತಿಗೆಯ ತಗ್ಗುಗಳು ಒಂದೊಂದೂ ಅದೇ ಜಾಗದಲ್ಲಿ. ತುದಿಯ ಹತ್ತಿರ ಎರಡು ತಗ್ಗು ಒಂದರ ಮೇಲೊಂದು ಬಿದ್ದು ಎಂಟರ ಆಕಾರ ಆಗಿತ್ತು, ಅದು ಎರಡರಲ್ಲೂ ಇತ್ತು. ಕೈಯಿಂದ ಬಡಿದರೆ ಹೀಗೆ ಬರಲು ಸಾಧ್ಯವೇ ಇಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹಾಗಾಗಿ ಕೈಕೆಲಸ ಅಂದವರ ಹತ್ತಿರ ಅದೇ ಮಾದರಿಯ ಎರಡು ಮೂರು ತುಂಡು ಕೇಳಿ, ಒಟ್ಟಿಗೆ ಹಿಡಿದು ನೋಡಿ.

ಅಯಸ್ಕಾಂತ ಹಿಡಿದು ತೋರಿಸಿ "ನೋಡಿ, ಅಂಟೋದಿಲ್ಲ, ಅಸಲಿ ಬೆಳ್ಳಿ" ಅನ್ನುವವರಿದ್ದಾರೆ. ನನಗೂ ತೋರಿಸಿದ್ದರು. ಹಿತ್ತಾಳೆ, ತಾಮ್ರ, ಜರ್ಮನ್ ಸಿಲ್ವರ್ ಇವೂ ಅಂಟುವುದಿಲ್ಲ. ಅಂಟಿದರೆ ಬೆಳ್ಳಿ ಅಲ್ಲ ಅನ್ನಬಹುದು, ಅಂಟದಿದ್ದರೆ ಏನೂ ಗೊತ್ತಾಗುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಒಡವೆಗೆ ಏನೂ ಆಗುವುದಿಲ್ಲ. ಸಣ್ಣ ಡಿಜಿಟಲ್ ತಕ್ಕಡಿ ಸಾಕು, ಆದರೆ ಗ್ರಾಂನ ಹತ್ತನೇ ಒಂದು ಭಾಗವಾದರೂ ತೋರಿಸಬೇಕು. ಮೊದಲು ಒಡವೆಯ ತೂಕ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿ ಮೇಲೆ ಇಟ್ಟು ಅಂಕೆಯನ್ನು ಸೊನ್ನೆ ಮಾಡಿ. ಒಡವೆಯನ್ನು ದಾರಕ್ಕೆ ಕಟ್ಟಿ, ತಳ ಮತ್ತು ಗೋಡೆಗೆ ತಾಗದ ಹಾಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಒಂದು ಅಂಕೆ ಬರುತ್ತದೆ. ಮೊದಲಿನ ತೂಕವನ್ನು ಅದರಿಂದ ಭಾಗಿಸಿ. ಶುದ್ಧ ಬೆಳ್ಳಿಗೆ 10.5 ಬರುತ್ತದೆ, 925ಕ್ಕೆ 10.3 ಆಸುಪಾಸು. ಜರ್ಮನ್ ಸಿಲ್ವರ್, ಹಿತ್ತಾಳೆ ಎರಡೂ ಎಂಟೂವರೆ ಹತ್ತಿರ ನಿಲ್ಲುತ್ತವೆ. ನನ್ನ ಕಡಗ 38 ಗ್ರಾಂ, ನೀರಿನಲ್ಲಿ 4.4 ತೋರಿಸಿತು. ಭಾಗಿಸಿದರೆ 8.6. ಆಯಿಯ ಹಳೇ ಬಳೆ 31 ಗ್ರಾಂ, ನೀರಿನಲ್ಲಿ 3. ಅಂದರೆ 10.3. ಆ ಎರಡು ಅಂಕೆ ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹರಳು ಕೂರಿಸಿದ್ದು, ಒಳಗೆ ಟೊಳ್ಳು ಇರುವುದು, ಅರಗು ತುಂಬಿದ್ದು ಇವಕ್ಕೆ ಈ ಲೆಕ್ಕ ನಡೆಯುವುದಿಲ್ಲ.

ಹಾಲ್‌ಮಾರ್ಕ್, ಅಂದರೆ ಶುದ್ಧತೆ ಪರೀಕ್ಷಿಸಿ ಹಾಕುವ ಅಧಿಕೃತ ಗುರುತು, ಅದರ ಬಗ್ಗೆಯೂ ಹೇಳಬೇಕು. ಚಿನ್ನಕ್ಕೆ 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯ ಮಾಡಿದ್ದಾರೆ. ಬೆಳ್ಳಿಗೆ ಕಡ್ಡಾಯ ಅಲ್ಲ, ಮಾರುವವರ ಇಷ್ಟ. ಆದರೆ 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಹಾಕಿಸಿದ ಬೆಳ್ಳಿಗೂ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ ಬರುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಸಿಗುತ್ತದೆ. ಬಿಐಎಸ್ ಗುರುತು, ಶುದ್ಧತೆಯ ಅಂಕೆ, ಈ ಸಂಖ್ಯೆ ಮೂರೂ ಇರಬೇಕು. ಬರೀ 925 ಅಂತ ಇದ್ದರೆ ಅದು ಹಾಲ್‌ಮಾರ್ಕ್ ಅಲ್ಲ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ, ಕಡಿಮೆ ಬಿದ್ದ ಮೊತ್ತದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಕೊಡಬೇಕು ಅಂತ ನಿಯಮ ಇದೆ. ಸಣ್ಣ ಕುಶಲಕರ್ಮಿಗಳು ಎಷ್ಟೋ ಜನ ಹಾಲ್‌ಮಾರ್ಕ್ ಹಾಕಿಸುವುದಿಲ್ಲ, ಹಾಗಂತ ಅವರೆಲ್ಲ ಮೋಸಗಾರರಲ್ಲ. ಅಂಥವರ ಹತ್ತಿರ ಬಿಲ್ಲಿನಲ್ಲಿ "ಬೆಳ್ಳಿ, 925, ಇಷ್ಟು ಗ್ರಾಂ, ಮಜೂರಿ ಇಷ್ಟು" ಅಂತ ಬರೆಸಿಕೊಳ್ಳಿ. ಒಳ್ಳೆಯ ಕೆಲಸಗಾರ ಖುಷಿಯಿಂದ ಬರೆದುಕೊಡುತ್ತಾನೆ.

ನಾನು 1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದೆ. ದೂರು ದಾಖಲಾಯಿತು. ಬಿಲ್ಲು ಕೇಳಿದರು. ನನ್ನ ಚೀಟಿಯಲ್ಲಿ ಅಂಗಡಿಯ ವಿಳಾಸವಿಲ್ಲ, ಜಿಎಸ್‌ಟಿ ಸಂಖ್ಯೆ ಇಲ್ಲ, ಬೆಳ್ಳಿ ಅಂತಲೂ ಇಲ್ಲ. ಮಾರಿದವರ ನಂಬರು ಅಷ್ಟರಲ್ಲಿ ನನ್ನನ್ನು ಬ್ಲಾಕ್ ಮಾಡಿತ್ತು. ಕಾರವಾರದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, ಆದರೆ ಅಲ್ಲಿಗೆ ಹಿಡಿದುಕೊಂಡು ಹೋಗಲು ನನ್ನ ಕೈಯಲ್ಲಿ ಯುಪಿಐ ಸ್ಕ್ರೀನ್‌ಶಾಟ್ ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿಗೇ ನಿಂತಿತು.

ಬೆಳಗಿನ ಚಾ ಬಿಟ್ಟಿಲ್ಲ. ಎರಡು ತಿಂಗಳು ಬರಿಗೈಯಲ್ಲೇ ಕುಡಿದೆ. ಆಮೇಲೆ ಶೇಟ್ರು ಆಯಿಯ ಹಳೇ ಕಾಲುಂಗುರ ಕರಗಿಸಿ ನನಗೊಂದು ಸಾದಾ ಉಂಗುರ ಮಾಡಿಕೊಟ್ಟರು. ಹಳೇ ಬೆಳ್ಳಿ ಕೊಟ್ಟದ್ದು ಎಷ್ಟು, ಉಂಗುರ ಬಂದದ್ದು ಎಷ್ಟು, ಎರಡನ್ನೂ ನನ್ನ ಎದುರೇ ತೂಗಿ ಬರೆದರು. ಸ್ಟೀಲ್ ಲೋಟ ಹಿಡಿದರೆ ಬಿಸಿ ಮೊದಲು ಆ ಉಂಗುರದ ಬೆರಳಿಗೇ ಗೊತ್ತಾಗುತ್ತದೆ. ಲೋಹಗಳಲ್ಲೆಲ್ಲ ಬೆಳ್ಳಿಯೇ ಬಿಸಿಯನ್ನು ಬೇಗ ಸಾಗಿಸುವುದು. ಆ ಕಡಗದ ಜೊತೆ ಕೊಂಡ ಉಂಗುರದಲ್ಲಿ ಇದು ಯಾವತ್ತೂ ಹೀಗೆ ತಿಳಿದಿರಲಿಲ್ಲ. ಈಗ ಬಿಸಿ ಹೆಚ್ಚಾಯಿತು ಅಂತ ಬೆರಳು ಹೇಳಿದಾಗ ಲೋಟ ಕೆಳಗಿಟ್ಟು ಕಾಯುತ್ತೇನೆ. ಉಂಗುರವನ್ನು ಲೋಟದೊಳಗೆ ಮಾತ್ರ ಹಾಕುವುದಿಲ್ಲ.

ಹಳೆಯ ಕಡಗವನ್ನು ಎಸೆದಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಇಲ್ಲಿ ಯಾರಾದರೂ ಸುತ್ತಿಗೆ ತಗ್ಗಿನ ಇಂಥದೇ ಕಡಗ ಕೊಂಡಿದ್ದರೆ ಹೇಳಿ. ಪಕ್ಕದಲ್ಲಿಟ್ಟು ತುದಿಯ ಹತ್ತಿರ ಆ ಎಂಟರ ಆಕಾರ ಇದೆಯಾ ನೋಡೋಣ. ಅಲ್ಲಿಯವರೆಗೆ ಅದನ್ನು ಕೈಯಿಂದ ತೆಗೆದಿಡಿ.